ಮಿನಿಟ್ಸಮ್ಮ ಸಾಕ್ಷಿ ನುಡಿದದ್ದು

ಆ ಗಣಿ ಕಂಪನಿಯ ಆಫೀಸು ಎರಡಂತಸ್ತಿನ ಕಟ್ಟಡ. ಕೆಳಗಿನಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು. ಇಷ್ಟು ಖಚಿತವಾಗಿ ಲೆಕ್ಕ ಹೇಳಬಲ್ಲವಳು ಒಬ್ಬಳೇ. ಯಾಕೆಂದರೆ ಒಂದು ಬುಧವಾರ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ಅವಳು ಆ ಮೆಟ್ಟಿಲುಗಳನ್ನು ಒಂಬತ್ತು ಸಲ ಹತ್ತಿ, ಒಂಬತ್ತು ಸಲ ಇಳಿದಿದ್ದಳು. ಸಭೆಗಳ ನಡಾವಳಿ ಬರೆಯುವುದು ಅವಳ ಕೆಲಸ. ನಡಾವಳಿಗೆ ಅಲ್ಲಿ ಎಲ್ಲರೂ ಮಿನಿಟ್ಸ್ ಎನ್ನುತ್ತಿದ್ದರು. ಹಾಗಾಗಿ ಅವಳಿಗೆ ಮಿನಿಟ್ಸಮ್ಮ ಎಂದೇ ಹೆಸರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತ್ತೆಂದರೆ, ಮನೆಗೆ ಬರುವ ಗ್ಯಾಸಿನವನೂ ಹಾಗೇ ಕೂಗುತ್ತಿದ್ದ.

ಆ ಬುಧವಾರ ನಡೆದದ್ದು ಇಷ್ಟು. ಕಂಪನಿ ಕಟ್ಟಿದ ದೊಡ್ಡ ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಮುಂದಿನ ಅಧ್ಯಕ್ಷರು ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಒಂದು, ಅವರ ತಮ್ಮ. ಮೂವತ್ತು ವರ್ಷ ಗಣಿಯಲ್ಲಿ ಅದಿರು ಅಗೆಯುವ ಹಳ್ಳದಲ್ಲೇ ನಿಂತು ಕೆಲಸ ಮಾಡಿಸಿದವರು, ಎಲ್ಲರ ಬಾಯಲ್ಲೂ ಚಿಕ್ಕ ಯಜಮಾನರು. ಇನ್ನೊಂದು, ದೊಡ್ಡ ಯಜಮಾನರ ಮಗಳು. ಅದಿರು ಮಾರುವುದು, ಬ್ಯಾಂಕಿಗೆ ಓಡಾಡುವುದು ಎಲ್ಲ ನೋಡಿಕೊಳ್ಳುತ್ತಿದ್ದವರು, ಎಲ್ಲರಿಗೂ ಮೇಡಂ. ಕಂಪನಿಯ ಷೇರುಗಳೆಲ್ಲ ಮನೆಯವರ ಒಂಬತ್ತು ಜನರ ಕೈಯಲ್ಲಿದ್ದವು. ನಾಲ್ವರು ಚಿಕ್ಕಪ್ಪನ ಕಡೆ, ನಾಲ್ವರು ಮಗಳ ಕಡೆ. ಒಂಬತ್ತನೆಯವರು ದೊಡ್ಡ ಯಜಮಾನರ ಅಕ್ಕ. ಎಪ್ಪತ್ತೊಂಬತ್ತು ವಯಸ್ಸಿನ ಅವರನ್ನು ಮನೆಯವರೂ ಕೆಲಸದವರೂ ಅತ್ತೆಮ್ಮ ಎನ್ನುತ್ತಿದ್ದರು. ಅವರು ಯಾರ ಕಡೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಒಂದೇ ದಿನ, ಒಂದೇ ಗಂಟೆಗೆ ಎರಡು ಕಡೆಯವರೂ ಸಭೆ ಕರೆದರು. ಮೇಡಂ ಕಡೆಯವರು ಮೇಲಿನ ಕೋಣೆಯಲ್ಲಿ, ಚಿಕ್ಕ ಯಜಮಾನರ ಕಡೆಯವರು ಕೆಳಗಿನ ಕೋಣೆಯಲ್ಲಿ. ಮಿನಿಟ್ಸ್ ಬರೆಯುವವಳು ಮಾತ್ರ ಕಂಪನಿಗೆಲ್ಲ ಒಬ್ಬಳೇ.

"ನೀವು ಇಲ್ಲೇ ಇರಿ," ಎಂದರು ಮೇಡಂ.

"ನೀನು ಎಲ್ಲೂ ಹೋಗ್ಬೇಡಮ್ಮ," ಎಂದರು ಚಿಕ್ಕ ಯಜಮಾನರು.

ಅವಳು ಇಬ್ಬರಿಗೂ ಆಯಿತು ಎಂದಳು. ಸಂಬಳ ಕೊಡುವವರು ಯಾರೆಂದು ತಿಳಿಯದಿರುವಾಗ ಬೇರೆ ಏನು ಹೇಳಲು ಸಾಧ್ಯ?

ಸಭೆ ಸಿಂಧುವಾಗಬೇಕಾದರೆ ಒಂಬತ್ತರಲ್ಲಿ ಐದು ಜನ ಹಾಜರಿರಬೇಕು. ಮೇಲಿನ ಕೋಣೆಯಲ್ಲಿ ತಲೆ ಎಣಿಸಿದಳು, ನಾಲ್ಕು. "ಐದನೇವ್ರು?" ಎಂದಳು. "ಅತ್ತೆಮ್ಮ ಹಾಜರು ಅಂತ ಬರ್ಕೊಳ್ಳಿ. ಬಿಲ್ಡಿಂಗಲ್ಲೇ ಇದಾರಲ್ಲ," ಎಂಬ ಉತ್ತರ ಬಂತು. ಕೆಳಗಿಳಿದು ಎಣಿಸಿದಳು, ಅಲ್ಲೂ ನಾಲ್ಕು. "ಅಕ್ಕ ಇದಾಳೆ ಅಂತ ಹಾಕ್ಕೋ. ಅವಳು ಬಂದಿರೋದು ನೀನೇ ನೋಡಿದೀಯಲ್ಲ," ಎಂದರು ಚಿಕ್ಕ ಯಜಮಾನರು. ಅತ್ತೆಮ್ಮ ಬಂದಿದ್ದದ್ದು ನಿಜ. ಹಿಂದುಗಡೆಯ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಟೀಗೆ ಬಿಸ್ಕತ್ತು ಅದ್ದುತ್ತಿದ್ದದ್ದೂ ನಿಜ. ಒಂದೇ ಹೊತ್ತಿಗೆ ಮೇಲೂ ಕೆಳಗೂ ಹಾಜರಿದ್ದರು ಎಂಬುದು ಮಾತ್ರ ಎರಡು ಮಿನಿಟ್ಸ್ ಪುಸ್ತಕಗಳಲ್ಲಿ, ಒಂದೇ ಟೈಪು ಯಂತ್ರದ ಒಂದೇ ಮುರುಕು ಅಕ್ಷರದಲ್ಲಿ ಮೂಡಿತು.

ಮಧ್ಯಾಹ್ನದ ಹೊತ್ತಿಗೆ ಕಂಪನಿಗೆ ಇಬ್ಬರು ಅಧ್ಯಕ್ಷರು.

ಆಮೇಲಿನ ಎಂಟು ತಿಂಗಳ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನೋಟೀಸು ಬೋರ್ಡಿನಲ್ಲಿ ಬೆಳಿಗ್ಗೆ ಒಂದು ಆದೇಶ, ಸಂಜೆ ಅದನ್ನು ರದ್ದು ಮಾಡುವ ಇನ್ನೊಂದು ಆದೇಶ. ಎರಡನ್ನೂ ಟೈಪು ಮಾಡುವವಳು ಮಿನಿಟ್ಸಮ್ಮನೇ. ಎರಡು ರಬ್ಬರ್ ಮೊಹರು. ಮುಖ್ಯ ಗೇಟಿಗೆ ಎರಡು ಬೀಗ. ಕಾವಲುಗಾರ ಎರಡನ್ನೂ ತೆಗೆದು ಎರಡನ್ನೂ ಹಾಕಿ, ತನ್ನ ಸೊಂಟ ಬಿದ್ದುಹೋಯಿತೆಂದು ಗೊಣಗುತ್ತಿದ್ದ. ವರ್ಷದ ಲೆಕ್ಕಪತ್ರವೂ ಎರಡಾಯಿತು. ಮೇಡಂ ಕಡೆಯ ಲೆಕ್ಕದಲ್ಲಿ ಹನ್ನೊಂದು ಕೋಟಿ ಲಾಭ. ಚಿಕ್ಕ ಯಜಮಾನರ ಲೆಕ್ಕದಲ್ಲಿ ಏಳು ಕೋಟಿ ನಷ್ಟ. ಅದೇ ಗಣಿ, ಅದೇ ಅದಿರು, ಅದೇ ವರ್ಷ. ಬ್ಯಾಂಕಿನವರು ಎರಡನ್ನೂ ಓದಿ, ಖಾತೆಯನ್ನೇ ಮುಚ್ಚಿಬಿಟ್ಟರು. ಕೊನೆಗೆ ಕೋರ್ಟು ಒಬ್ಬ ವಿಚಾರಣಾಧಿಕಾರಿಯನ್ನು ನೇಮಿಸಿತು. ಆಡಳಿತ ಯಾರದು, ಲೆಕ್ಕ ಯಾರದು ಸರಿ, ಎರಡನ್ನೂ ನೋಡಿ ವರದಿ ಕೊಡಬೇಕೆಂದು ಹೇಳಿತು.

ಅಧಿಕಾರಿ ರೈಲಿನಿಂದ ಇಳಿದಾಗ ಎರಡು ಕಡೆಯವರ ಎರಡು ಕಾರುಗಳು ಕಾಯುತ್ತಿದ್ದವು. ಅವರು ಎರಡಕ್ಕೂ ನಮಸ್ಕಾರ ಹೇಳಿ ಬಸ್ಸು ಹತ್ತಿದರು. ಅರವತ್ತು ದಾಟಿದ ಸಣಕಲು ಮನುಷ್ಯ. ಕೈಯಲ್ಲಿ ಊಟದ ಡಬ್ಬಿ, ಕಂಕುಳಲ್ಲಿ ಕುರ್ಚಿಗೆ ಹಾಕಿಕೊಳ್ಳುವ ಸಣ್ಣ ದಿಂಬು. ಯಾರು ಏನು ಹೇಳಿದರೂ "ಸರಿ" ಎನ್ನುವುದು ಅವರ ಅಭ್ಯಾಸ. ಆ ಸರಿ ಎಂದರೆ ಒಪ್ಪಿದೆ ಎಂದಲ್ಲ, ಕಿವಿಗೆ ಬಿತ್ತು ಎಂದಷ್ಟೇ. ಅದು ತಿಳಿಯಲು ಎರಡೂ ಕಡೆಯ ವಕೀಲರಿಗೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಕಕ್ಷಿದಾರರಿಗೆ ಗೆದ್ದೆವೆಂದು ಹೇಳಿಬಿಟ್ಟಿದ್ದರು.

ವಿಚಾರಣೆಗೆ ಕೆಲಸಗಾರರ ಆಟದ ಕೋಣೆಯನ್ನು ತೆರವು ಮಾಡಿಕೊಟ್ಟರು. ಟೇಬಲ್ ಟೆನ್ನಿಸ್ ಮೇಜಿನ ಬಲೆ ಬಿಚ್ಚಿ, ಮೇಲೆ ಬಿಳಿ ಬಟ್ಟೆ ಹಾಸಿ, ಆಚೆ ತುದಿಗೆ ಒಬ್ಬ ವಕೀಲರು, ಈಚೆ ತುದಿಗೆ ಒಬ್ಬ ವಕೀಲರು, ನಡುವೆ ಅಧಿಕಾರಿ. ಕಿಟಕಿಯ ಹೊರಗೆ ಪಾಳಿ ಮುಗಿಸಿದ ಕೆಲಸಗಾರರು ಸಾಲಾಗಿ ನಿಂತು, ಮಾತು ಆಚೆಗೆ ಹೋದಾಗ ಆಚೆಗೆ, ಈಚೆಗೆ ಬಂದಾಗ ಈಚೆಗೆ ತಲೆ ತಿರುಗಿಸುತ್ತಿದ್ದರು.

ಮೊದಲ ನಾಲ್ಕು ದಿನ ಲೆಕ್ಕಿಗರ ಸರದಿ. ಅಧಿಕಾರಿ ಎರಡು ಲೆಕ್ಕವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಪೆನ್ಸಿಲ್ ತುದಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಹೋದರು. ಡೀಸೆಲ್ ಖರ್ಚು ಎರಡರಲ್ಲೂ ಒಂದೇ. ಸಂಬಳ ಒಂದೇ. ಮಾರಿದ ಅದಿರೂ ಒಂದೇ. ಕೊನೆಗೆ ಪೆನ್ಸಿಲ್ ಒಂದು ಸಾಲಿನಲ್ಲಿ ನಿಂತಿತು: ಪೂರ್ವದ ಅಂಗಳದಲ್ಲಿರುವ ರಾಶಿ.

"ಇದೇನು?" ಎಂದರು.

"ತೊಂಬತ್ತು ಸಾವಿರ ಟನ್ ಒಳ್ಳೇ ಅದಿರು, ಸಾರ್. ಟನ್ನಿಗೆ ಎರಡು ಸಾವಿರದಂತೆ ಹದಿನೆಂಟು ಕೋಟಿ," ಎಂದ ಮೇಡಂ ಕಡೆಯ ಲೆಕ್ಕಿಗ.

"ಬರೀ ಮಣ್ಣು, ಸಾರ್. ಸೊನ್ನೆ," ಎಂದ ಚಿಕ್ಕ ಯಜಮಾನರ ಕಡೆಯವನು.

"ಸರಿ," ಎಂದು ಅಧಿಕಾರಿ ಎದ್ದು ಕೊಡೆ ಬಿಚ್ಚಿಕೊಂಡು ಬಿಸಿಲಲ್ಲಿ ಆ ರಾಶಿಯನ್ನು ಸುತ್ತು ಹಾಕಿ ಬಂದರು. ಹೋಗುವಾಗ ಕಂದು ಬಣ್ಣಕ್ಕಿದ್ದ ಚಪ್ಪಲಿ ಬರುವಾಗ ಕರಿ. ಹೊರಗಿನ ಒಬ್ಬ ಸರ್ವೆಯರನ್ನು ಕರೆಸಿ, ರಾಶಿಯನ್ನು ಅಳೆದು, ಹತ್ತು ಕಡೆ ಕೊರೆದು, ಮಾದರಿ ತೆಗೆದು ಪರೀಕ್ಷೆ ಮಾಡಿಸಲು ಆದೇಶ ಕೊಟ್ಟರು. "ಅದು ಬರೋವರೆಗೆ ಮಿನಿಟ್ಸ್ ಪುಸ್ತಕ ನೋಡೋಣ. ಬರೆದವರು ಯಾರು?" ಎಂದರು.

ಎಲ್ಲರೂ ಮಿನಿಟ್ಸಮ್ಮನ ಕಡೆ ತಿರುಗಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳ ಸಾಕ್ಷಿ ಎಂದು ನಿಗದಿಯಾಯಿತು.

ಶುಕ್ರವಾರ ಚಿಕ್ಕ ಯಜಮಾನರು ಅವಳನ್ನು ಕರೆದು ಕೂರಲು ಹೇಳಿದರು. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು. "ನಿನ್ನ ಸೀನಿಯಾರಿಟಿ ನೋಡಿದ್ರೆ ನೀನು ಯಾವತ್ತೋ ಆಫೀಸ್ ಸೂಪರಿಂಟೆಂಡೆಂಟ್ ಆಗ್ಬೇಕಿತ್ತಮ್ಮ. ನಮ್ಮಣ್ಣ ಮರೆತುಬಿಟ್ಟ. ನಾನು ಮರೆಯಲ್ಲ. ನೀನು ಕೆಳಗಿನ ಸಭೆ ಸರಿಯಾಗಿ ನಡೀತು ಅಂತ ಹೇಳಿದ್ರೆ ಸಾಕು. ಮೇಲೇನಾಯ್ತೋ ನಮಗ್ಯಾಕೆ?"

ಶನಿವಾರ ಮೇಡಂ ಬಂದು ಅವಳ ಮೇಜಿನ ಪಕ್ಕವೇ ನಿಂತರು. "ನಿಮ್ಮ ಮನೆಯವ್ರು ಇನ್ನೂ ಆ ಹಳೇ ಡಂಪರ್ ಲಾರೀನೇ ಓಡಿಸ್ತಿದಾರಂತೆ. ಪಾಪ, ಆ ಬಿಸ್ಲಲ್ಲಿ, ಧೂಳಲ್ಲಿ. ಹೊಸದು ಎರಡು ಬರ್ತಿದೆ, ಎ.ಸಿ. ಇರೋದು. ಯಾರಿಗೆ ಕೊಡೋದು ಅಂತ ಯೋಚಿಸ್ತಿದೀನಿ." ಬೇರೆ ಏನೂ ಹೇಳದೆ, ಅವಳ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೋದರು.

ಭಾನುವಾರ ಬೆಳಿಗ್ಗೆ ಗಂಡ ಬಟ್ಟೆ ಒಣಹಾಕುತ್ತಿದ್ದಾಗ ಅವಳು ಎರಡನ್ನೂ ಹೇಳಿದಳು. ಅವನು ಒದ್ದೆ ಅಂಗಿಯನ್ನು ಕೈಯಲ್ಲೇ ಹಿಡಿದು ನಿಂತ.

"ಎ.ಸಿ. ಡಂಪರ್ ಅಂದ್ರಾ?"

"ಹೂಂ."

"ಬೇಡ ಬಿಡು. ನಮಗ್ಯಾಕೆ ದೊಡ್ಡೋರ ಸಹವಾಸ." ಅಂಗಿಯನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಮತ್ತೆ ತಿರುಗಿದ. "ಆದ್ರೂ, ಎ.ಸಿ. ಡಂಪರ್ ಅಂತಾನೇ ಅಂದ್ರಾ?"

"ರೀ, ತಮಾಷೆ ಮಾಡ್ಬೇಡಿ. ಎರಡು ಪುಸ್ತಕದಲ್ಲೂ ಸುಳ್ಳು ಬರ್ದಿರೋಳು ನಾನೇ. ಅವರು ಹೇಳಿದ್ರು, ನಾನು ಬರ್ದೆ. ಸಹಿ ಅವರದು, ಆದ್ರೆ ಕೈ ನಂದು. ನಿಜ ಹೇಳಿದ್ರೆ ಎರಡು ಕಡೆಯವರೂ ಮನೆಗೆ ಕಳಿಸ್ತಾರೆ. ಸುಳ್ಳು ಹೇಳಿದ್ರೆ ಒಂದು ಕಡೆಯವರಾದ್ರೂ ಉಳಿಸ್ಕೊತಾರೆ."

"ಮತ್ತೆ ಯಾವ ಕಡೆ ಸುಳ್ಳು ಹೇಳ್ತೀಯ?"

ಅವಳು ಯೋಚಿಸಿದಳು. "ಅದೇ ಗೊತ್ತಾಗ್ತಿಲ್ಲ."

"ಹಾಗಾದ್ರೆ ನಿಜಾನೇ ಹೇಳು. ಆಯ್ಕೆ ಮಾಡೋ ತಾಪತ್ರಯ ಇರಲ್ಲ," ಎಂದ ಅವನು. ಹದಿನೈದು ವರ್ಷ ಗಣಿಯ ಅಂಚಿನಲ್ಲಿ ಡಂಪರ್ ಹಿಂದಕ್ಕೆ ಓಡಿಸಿದ ಮನುಷ್ಯ. ಗಾಬರಿಯಾದಾಗ ಸ್ಟೀರಿಂಗ್ ನೇರ ಇಡಬೇಕು ಎಂಬುದೊಂದೇ ಅವನ ವೇದಾಂತ. "ನಾಳೆ ಕೆಲಸ ಹೋದ್ರೆ ನನ್ನ ಸಂಬಳ ಇದೆ. ಅದೂ ಹೋದ್ರೆ ಇಬ್ರೂ ಸೇರಿ ಯೋಚ್ನೆ ಮಾಡೋಣ. ಈಗ ಆ ಬಕೆಟ್ ಕೊಡು."

ಸೋಮವಾರ ಆಟದ ಕೋಣೆ ಕಿಕ್ಕಿರಿದಿತ್ತು. ಮಿನಿಟ್ಸಮ್ಮ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಳು. ಅಧಿಕಾರಿ ಎರಡು ಪುಸ್ತಕವನ್ನೂ ತೆರೆದರು.

"ಎರಡೂ ನೀವೇ ಬರೆದದ್ದಾ?"

"ಹೌದು ಸಾರ್."

"ಎರಡು ಸಭೆಯೂ ಹನ್ನೊಂದಕ್ಕೇ ಶುರುವಾಗಿದೆ. ಒಬ್ಬರು ಎರಡು ಕಡೆ ಹೇಗೆ ಬರೆದ್ರಿ?"

"ಓಡಾಡಿದೆ ಸಾರ್."

ಕಿಟಕಿಯಾಚೆ ನಗು ಎದ್ದಿತು. ಅಧಿಕಾರಿ ನಗಲಿಲ್ಲ. "ನೇರವಾಗಿ ಟೈಪು ಮಾಡಿದ್ರಾ?"

"ಇಲ್ಲ ಸಾರ್. ಮೊದಲು ಶಾರ್ಟ್‌ಹ್ಯಾಂಡಲ್ಲಿ ಬರ್ಕೊಂಡೆ. ಆಮೇಲೆ ಅವರವರು ಹೇಳಿದ ಹಾಗೆ ಟೈಪು ಮಾಡಿದೆ."

"ಆ ನೋಟ್‌ಪುಸ್ತಕ ಇದೆಯಾ?"

"ನನ್ನ ಬೀರುವಿನಲ್ಲಿದೆ."

ಪುಸ್ತಕ ಬಂತು. ಎರಡೂ ಕಡೆಯ ವಕೀಲರು ಒಬ್ಬರಾದ ಮೇಲೊಬ್ಬರು ತಿರುವಿ ನೋಡಿದರು. ಉದ್ದಕ್ಕೂ ಗೀರು, ಕೊಂಡಿ, ಚುಕ್ಕೆ. ಸಕ್ಕರೆ ಡಬ್ಬಿಯ ಸುತ್ತ ಇರುವೆ ಹರಿದ ಹಾಗೆ. ಇಬ್ಬರೂ ತಮ್ಮ ತಮ್ಮ ಕಕ್ಷಿದಾರರ ಮುಖ ನೋಡಿದರು. ಸೂಪರಿಂಟೆಂಡೆಂಟ್ ಹುದ್ದೆಯ ಆಸೆ ತೋರಿಸಿದವರಿಗೂ ಧೈರ್ಯವಿತ್ತು, ಎ.ಸಿ. ಡಂಪರಿನ ಆಸೆ ತೋರಿಸಿದವರಿಗೂ ಧೈರ್ಯವಿತ್ತು.

"ಇದನ್ನ ಪೂರ್ತಿ ಓದಿಸಿ, ದಾಖಲೆ ಮಾಡ್ಬೇಕು," ಎಂದರು ಚಿಕ್ಕ ಯಜಮಾನರ ವಕೀಲರು.

"ಒಂದಕ್ಷರ ಬಿಡದ ಹಾಗೆ," ಎಂದರು ಮೇಡಂ ಕಡೆಯವರು. ಐದು ದಿನದ ವಿಚಾರಣೆಯಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಮಿನಿಟ್ಸಮ್ಮ ಬಿಳಿಚಿಕೊಂಡಳು. "ಸಾರ್, ಅದರಲ್ಲಿ ನನ್ನ ಸ್ವಂತದ್ದೂ ಇದೆ. ಸಭೆಗೆ ಸಂಬಂಧ ಇಲ್ಲದ್ದು."

"ಒಂದಕ್ಷರ ಬಿಡದ ಹಾಗೆ ಅಂತ ಇಬ್ಬರೂ ಕೇಳಿದಾರಮ್ಮ," ಎಂದರು ಅಧಿಕಾರಿ. ಪುಸ್ತಕವನ್ನು ಅವಳ ಕಡೆ ತಳ್ಳಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಪುಟವನ್ನು ಬೆಳಕಿಗೆ ಹಿಡಿದರು. "ನೀವು ಓದೋದು ಬೇಡ. ನಾನೇ ಓದ್ತೀನಿ. ನಾನು ನೌಕರಿಗೆ ಸೇರಿದ್ದು ಸ್ಟೆನೋ ಆಗಿ. ಹನ್ನೊಂದು ವರ್ಷ ಇದೇ ಅನ್ನ."

ಚಿಕ್ಕ ಯಜಮಾನರು ಗ್ಲಾಸಿನ ನೀರು ಕುಡಿದರು. ಮೇಡಂ ತಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ಮತ್ತೆ ತೆಗೆದರು.

"ಹನ್ನೊಂದು ಐದು, ಮೇಲೆ," ಎಂದು ಅಧಿಕಾರಿ ರಾಗವಿಲ್ಲದ ದನಿಯಲ್ಲಿ ಓದತೊಡಗಿದರು. "ನಾಲ್ಕು ಜನ. ಐದನೆಯವರು ಯಾರೆಂದು ಕೇಳಿದೆ. ಅತ್ತೆಮ್ಮ ಹಾಜರು ಎಂದು ಬರೆಯಲು ಹೇಳಿದರು. ಹನ್ನೊಂದು ಹದಿನೈದು, ಕೆಳಗೆ. ನಾಲ್ಕು ಜನ. ಇಲ್ಲೂ ಅತ್ತೆಮ್ಮ. ಅತ್ತೆಮ್ಮ ಇಷ್ಟು ಬೇಗ ಇಳಿದು ಬಂದರೆ ಓಟದ ಪಂದ್ಯಕ್ಕೆ ಕಳಿಸಬಹುದು."

ಕಿಟಕಿಯ ಹೊರಗೆ ಯಾರೋ ಸೀಟಿ ಹೊಡೆದರು. ಅಧಿಕಾರಿ ಮುಂದುವರಿಸಿದರು.

"ಹನ್ನೊಂದು ನಲವತ್ತು, ಕೆಳಗೆ. ಚಿಕ್ಕ ಯಜಮಾನರ ಭಾಷಣ. ಮೂರನೇ ಸಲ ಅದೇ ಮಾತು. ಅಂಗಿಯ ಗುಂಡಿ ತಪ್ಪಿ ಹಾಕಿದ್ದಾರೆ, ಹೇಳುವವರು ಯಾರು? ಹನ್ನೆರಡು, ಮೇಲೆ. ಮೇಡಂ ಅಧ್ಯಕ್ಷರು ಎಂದು ಘೋಷಣೆ. ಚಪ್ಪಾಳೆ ಎಂದು ಬರೆಯಲು ಹೇಳಿದರು. ಯಾರೂ ತಟ್ಟಲಿಲ್ಲ. ಮೇಡಂ ತಾವೇ ಎರಡು ತಟ್ಟಿದರು."

ಮೇಡಂ ಮುಖ ಕೆಂಪಾಯಿತು. ಎದುರಿಗೆ ಚಿಕ್ಕ ಯಜಮಾನರು ನಗು ತಡೆಯಲು ಕೆಮ್ಮಿದರು, ಕೆಮ್ಮುತ್ತಲೇ ಕೈ ಅಂಗಿಯ ಗುಂಡಿಗೆ ಹೋಯಿತು. ಅದನ್ನು ಕಂಡ ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು.

"ಹನ್ನೆರಡು ಇಪ್ಪತ್ತು, ಮೇಲೆ. ರಾಶಿಯ ಮಾತು. ತೊಂಬತ್ತು ಸಾವಿರ ಟನ್ ಎಂದು ಲೆಕ್ಕದಲ್ಲಿ ಹಾಕಿದರೆ ಬ್ಯಾಂಕು ಹೊಸ ಹಳ್ಳಕ್ಕೆ ಸಾಲ ಕೊಡುತ್ತದೆ. ಅಳೆದಿದ್ದೀರಾ ಎಂದು ಲೆಕ್ಕಿಗ ಕೇಳಿದ. ಕಣ್ಣಳತೆ ಸಾಕು ಎಂದರು. ಹನ್ನೆರಡು ನಲವತ್ತು, ಕೆಳಗೆ. ಇಲ್ಲೂ ರಾಶಿ. ಮಣ್ಣು ಎಂದು ತೋರಿಸಿ. ನಷ್ಟ ಕಂಡರೆ ತಾನೇ ಕಂಪನಿ ಕಡಿಮೆ ಬೆಲೆಗೆ ಚಿಕ್ಕ ಯಜಮಾನರ ಬೀಗರ ಕೈಗೆ ಹೋಗುವುದು. ಬೇರೆಯವರು ಕೊಳ್ಳಲು ಬಂದರೆ ಬೀಗರು ಬೇಸರ ಮಾಡಿಕೊಳ್ಳುತ್ತಾರೆ."

ಈಗ ಯಾರೂ ನಗಲಿಲ್ಲ. ಎರಡೂ ತುದಿಯ ವಕೀಲರು ಒಂದೇ ಹೊತ್ತಿಗೆ ಎದ್ದು, ಒಂದೇ ಹೊತ್ತಿಗೆ ಆಕ್ಷೇಪ ಎಂದರು. ಅಧಿಕಾರಿ "ಸರಿ" ಎಂದು ಪುಟ ತಿರುವಿದರು. ಕೊನೆಯ ಪುಟದಲ್ಲಿ ಅವರ ಬೆರಳು ನಿಂತಿತು.

"ಇಲ್ಲೊಂದು ಪದ ಬಿಡಿಸಕ್ಕಾಗ್ತಿಲ್ಲ. ಒಂದು ಗಂಟೆಗೆ ಎರಡು ಸಭೆಯ ಹಾಜರಿ ಮತ್ತೆ ಬರೆದ ಕಡೆ, ಅತ್ತೆಮ್ಮನ ಹೆಸರಿನ ಪಕ್ಕ ಅಂಚಿನಲ್ಲಿ ಒಂದು ಪದ ಇದೆ. ಎರಡು ಸಲ. ಕೊನೇ ಕೊಂಡಿ ಇದೆಯೋ ಇಲ್ಲವೋ, ಪೆನ್ಸಿಲ್ ಮಾಸಿದೆ. ಶಾರ್ಟ್‌ಹ್ಯಾಂಡಲ್ಲಿ ಸ್ವರ ಬಿಟ್ಟು ಬರೀತೀವಲ್ಲ, ಕೊಂಡಿ ಇದ್ರೆ ಹಸಿವು. ಇಲ್ಲದಿದ್ರೆ ಹುಸಿ."

ವಕೀಲರಿಬ್ಬರೂ ಗರಿಗೆದರಿದರು. "ಹಸಿವು ಸಾರ್," ಎಂದರು ಒಬ್ಬರು. "ಊಟದ ಹೊತ್ತು. ಬೆಳಿಗ್ಗೆಯಿಂದ ಓಡಾಡಿದಾರೆ ಪಾಪ. ಸಹಜವಾಗಿ ಹಸಿವು." ಇನ್ನೊಬ್ಬರು ತಲೆಯಾಡಿಸಿದರು. "ನಾಲ್ಕು ಜನ ಅಂತ ಬರೆದಾಗ ಅತ್ತೆಮ್ಮ ಇನ್ನೂ ಬಂದಿರಲಿಲ್ಲ, ಆಮೇಲೆ ಬಂದಿರಬಹುದು. ಈ ಪದ ಹಸಿವೇ ಆಗಿದ್ರೆ, ಹಾಜರಿ ಸುಳ್ಳು ಅಂತ ಈ ಪುಸ್ತಕದಲ್ಲಿ ಎಲ್ಲೂ ಹೇಳಿದ ಹಾಗಾಗಲ್ಲ."

ಅಧಿಕಾರಿ ಅವಳ ಕಡೆ ನೋಡಿದರು. ಒತ್ತಾಯವಿರಲಿಲ್ಲ ಆ ನೋಟದಲ್ಲಿ, ಬರೀ ಕಾಯುವುದಿತ್ತು. "ಬರೆದವರು ನೀವು. ನೀವೇ ಹೇಳ್ಬೇಕು."

ಮಿನಿಟ್ಸಮ್ಮನಿಗೆ ಒಂದು ಕ್ಷಣ ದಾರಿ ಸಲೀಸಾಗಿ ಕಂಡಿತು. ಹಸಿವು ಎಂದರೆ ಆಯಿತು. ಯಾರೂ ಅವಳನ್ನು ಸುಳ್ಳಿ ಎನ್ನಲಾರರು. ಆ ದಿನ ಹೊಟ್ಟೆ ನಿಜವಾಗಿಯೂ ಹಸಿದಿತ್ತು. ಎರಡೂ ಕಡೆಯವರು ಅವಳನ್ನೇ ನೋಡುತ್ತಿದ್ದರು, ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವ ಹಾಗೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ, ಬಿಚ್ಚಿದಳು.

"ಕೊಂಡಿ ಇಲ್ಲ ಸಾರ್," ಎಂದಳು. "ಎರಡು ಕಡೆಯೂ ಹುಸಿ. ಅತ್ತೆಮ್ಮ ಮೇಲೂ ಬಂದಿರಲಿಲ್ಲ, ಕೆಳಗೂ ಬಂದಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಟೈಪು ಮಾಡಿದೆ. ತಪ್ಪು ನಂದೂ ಇದೆ. ಹಸಿವೂ ಇತ್ತು. ಅದನ್ನ ಬರ್ಕೊಂಡಿಲ್ಲ."

ಅಧಿಕಾರಿ ಆ ದಿನ ಮೊದಲ ಸಲ ಸರಿ ಎನ್ನಲಿಲ್ಲ. "ಧನ್ಯವಾದ" ಎಂದರು.

ಮರುದಿನ ಅತ್ತೆಮ್ಮನನ್ನೇ ಕರೆಸಿದರು. ಬಂದವರು ಎಲ್ಲರನ್ನೂ ಒಮ್ಮೆ ನೋಡಿ, ಕುರ್ಚಿ ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ, ಕೂತರು. ಸಭೆಯ ದಿನ ನೀವು ಎಲ್ಲಿದ್ದಿರಿ ಎಂದು ಅಧಿಕಾರಿ ಕೇಳಿದರು.

"ಕ್ಯಾಂಟೀನಲ್ಲಿ. ಸಭೆ ಇದೆ ಅಂದ್ರು, ಬಂದೆ. ಮೊದಲು ಇವನು ಬಂದ," ಎಂದು ತಮ್ಮನ ಕಡೆ ಗಲ್ಲ ಎತ್ತಿದರು. "ಅಕ್ಕ, ಕೆಳಗಿನ ಕೋಣೆಗೆ ಬಾ ಅಂದ. ಆಮೇಲೆ ಇವಳು ಬಂದ್ಲು. ಅತ್ತೆ, ಮೇಲೆ ಬನ್ನಿ ಅಂದ್ಲು. ಇಬ್ರಿಗೂ ಒಂದೇ ಮಾತು ಹೇಳ್ದೆ. ಇಲ್ಲೇ ಬೆಂಚಿದೆ, ಇಬ್ರೂ ಕೂತ್ಕೊಳ್ಳಿ, ಟೀ ಹೇಳ್ತೀನಿ, ಮಾತಾಡೋಣ ಅಂತ. ಅರ್ಜೆಂಟು ಅಂತ ಹೋದ್ರು. ಎಂಟು ತಿಂಗಳಾಯ್ತು. ಅರ್ಜೆಂಟು ಇನ್ನೂ ಮುಗಿದಿಲ್ಲ."

"ನಿಮ್ಮ ಮತ ಯಾರಿಗಿತ್ತು?"

"ಯಾರೂ ಕೇಳ್ಲಿಲ್ಲವಲ್ಲಪ್ಪ. ಹಾಜರಿ ಮಾತ್ರ ಬೇಕಿತ್ತು ಅವರಿಗೆ."

ಚಿಕ್ಕ ಯಜಮಾನರು ನೆಲ ನೋಡಿದರು. ಅಕ್ಕನ ಕೈತುತ್ತು ತಿಂದು ಬೆಳೆದವರು ಅವರು. ಮೇಡಂ ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡರು. ಆ ದಿನದ ವಿಚಾರಣೆ ಬೇಗ ಮುಗಿಯಿತು.

ಸರ್ವೆಯರ ವರದಿ ಗುರುವಾರ ಬಂತು. ರಾಶಿಯಲ್ಲಿ ಮಾರಬಹುದಾದ ಅದಿರು ಐವತ್ತೆರಡು ಸಾವಿರ ಟನ್, ಉಳಿದದ್ದು ಮಣ್ಣು. ಅಂದರೆ ಕಂಪನಿಗೆ ಹನ್ನೊಂದು ಕೋಟಿ ಲಾಭವೂ ಇಲ್ಲ, ಏಳು ಕೋಟಿ ನಷ್ಟವೂ ಇಲ್ಲ. ಮೂರು ಕೋಟಿ ನಲವತ್ತು ಲಕ್ಷ ಲಾಭ. ಸಾಧಾರಣ ವರ್ಷದ ಸಾಧಾರಣ ಲಾಭ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಣಿಯವರು ನಕ್ಕರು. ಆದರೂ ಆ ಇಲಿ ಅವರ ಸಂಬಳಕ್ಕೆ ಸಾಕಾಗುವಷ್ಟು ದಪ್ಪಗಿತ್ತು.

ಅಧಿಕಾರಿಯ ವರದಿ ನಲವತ್ತು ಪುಟ. ಎರಡು ಆಯ್ಕೆಯೂ ಅಸಿಂಧು. ಎರಡು ಲೆಕ್ಕವೂ ತಪ್ಪು. ಒಂಬತ್ತು ಜನರೂ ಖುದ್ದು ಹಾಜರಿದ್ದು, ವಿಚಾರಣಾಧಿಕಾರಿಯ ಮುಂದೆಯೇ ಹೊಸ ಸಭೆ ನಡೆಯಬೇಕು. ಕೋರ್ಟು ಒಪ್ಪಿತು.

ಹೊಸ ಸಭೆ ಆಟದ ಕೋಣೆಯಲ್ಲೇ ನಡೆಯಿತು. ಚಿಕ್ಕ ಯಜಮಾನರಿಗೆ ನಾಲ್ಕು ಮತ. ಮೇಡಂಗೆ ನಾಲ್ಕು ಮತ. ಅತ್ತೆಮ್ಮ ಕೈ ಎತ್ತಲೇ ಇಲ್ಲ. "ಇಬ್ರಿಗೂ ಹಾಕಲ್ಲ. ಒಬ್ರಿಗೆ ಹಾಕಿದ್ರೆ ಇನ್ನೊಬ್ರು ನನ್ನ ಮನೆಗೆ ಬರೋದು ಬಿಡ್ತಾರೆ," ಎಂದರು.

ಹೀಗೇ ಕಗ್ಗಂಟಾದರೆ ಹೊರಗಿನ ಆಡಳಿತಾಧಿಕಾರಿ ಬರುತ್ತಾರೆ, ಅವರ ಸಂಬಳವೂ ಕಂಪನಿಯದೇ ಎಂದು ಅಧಿಕಾರಿ ನೆನಪಿಸಿದರು. ಹೊರಗಿನವರು ಬರುವುದಕ್ಕಿಂತ, ಎದುರಿಗಿರುವವರು ಕೂರುವುದಕ್ಕಿಂತ, ಬೇರೆ ಏನಾದರೂ ಆಗಲಿ ಎಂಬ ಯೋಚನೆ ಇಬ್ಬರಿಗೂ ಬಂದಿರಬೇಕು.

"ಅಕ್ಕನೇ ಆಗ್ಲಿ," ಎಂದರು ಚಿಕ್ಕ ಯಜಮಾನರು, ಎತ್ತಲೋ ನೋಡುತ್ತ.

"ನಾನು ಅನುಮೋದಿಸ್ತೀನಿ," ಎಂದರು ಮೇಡಂ, ಇನ್ನೆತ್ತಲೋ ನೋಡುತ್ತ.

ಎಂಟು ಕೈ ಎದ್ದವು. ಅತ್ತೆಮ್ಮ ಎಣಿಸಿದರು. "ನಂಗೆ ಮೆಟ್ಟಿಲು ಹತ್ತಕ್ಕಾಗಲ್ಲ," ಎಂದರು.

"ಕೆಳಗೇ ಕೂತ್ಕೊಳ್ಳಿ ಅತ್ತೆ."

"ಲೆಕ್ಕ ನಂಗೆ ಬರಲ್ಲ. ಅದಕ್ಕೆ ಹೊರಗಿನ ಒಬ್ಬರನ್ನ ಇಡಿ, ಇಬ್ಬರ ಸಂಬಂಧಿಕರೂ ಅಲ್ಲದವರನ್ನ. ಹಳ್ಳ ಇವನು ನೋಡ್ಲಿ. ಮಾರಾಟ ಇವಳು ನೋಡ್ಲಿ. ಬೀಗರಿಗೆ ಬೇಕಿದ್ರೆ ಊಟಕ್ಕೆ ಕರೀರಿ, ಕಂಪನಿ ಕೊಡ್ಬೇಡಿ."

ಆ ವರ್ಷ ರಾಶಿ ಮಾರಾಟವಾಯಿತು. ಬ್ಯಾಂಕು ಖಾತೆ ತೆರೆಯಿತು. ಕೇಳಿದ್ದಕ್ಕಿಂತ ಕಡಿಮೆ ಸಾಲ ಕೊಟ್ಟಿತು, ಹೊಸ ಹಳ್ಳವೂ ಅಷ್ಟೇ ಚಿಕ್ಕದಾಗಿ ಶುರುವಾಯಿತು. ಚಿಕ್ಕ ಯಜಮಾನರೂ ಮೇಡಂ ಕೂಡ ಒಬ್ಬರಿಗೊಬ್ಬರು ನೇರ ಮಾತಾಡಲು ಮತ್ತೆ ಐದು ತಿಂಗಳು ತೆಗೆದುಕೊಂಡರು. ಮೊದಲ ಮಾತು ಒಂದು ಪಂಪಿನ ವಿಷಯಕ್ಕೆ, ಅದೂ ಜಗಳವೇ. ಆದರೆ ಒಂದೇ ಕೋಣೆಯಲ್ಲಿ ಕೂತು ಆಡಿದ ಜಗಳ ಎಂದು ಅತ್ತೆಮ್ಮ ಸಮಾಧಾನಪಟ್ಟರು.

ಇನ್ನು ಮಿನಿಟ್ಸಮ್ಮನ ವಿಷಯ. ವರದಿಯ ಮೂವತ್ತೆಂಟನೇ ಪುಟದಲ್ಲಿ ಅವಳ ಬಗ್ಗೆ ಒಂದು ಪ್ಯಾರಾ ಇತ್ತು. ಸತ್ಯ ಹೊರಬರಲು ಈಕೆಯ ಟಿಪ್ಪಣಿಯೇ ಕಾರಣ, ಆದರೆ ತಿಳಿದೂ ಸುಳ್ಳು ಹಾಜರಿ ದಾಖಲಿಸಿದ್ದು ತಪ್ಪು, ಕಂಪನಿ ಸೂಕ್ತ ಕ್ರಮ ಕೈಗೊಳ್ಳಬೇಕು ಎಂದು. ಆಡಳಿತ ಮಂಡಳಿ ಅರ್ಧ ಗಂಟೆ ಚರ್ಚಿಸಿತು. ಕೆಲಸದಿಂದ ತೆಗೆಯುವ ಮಾತನ್ನು ಎರಡೂ ಕಡೆಯವರು ಎತ್ತಿದರು, ಎರಡೂ ಕಡೆಯವರು ಅತ್ತೆಮ್ಮನ ಮುಖ ನೋಡಿ ಬಿಟ್ಟರು. ಕೊನೆಗೆ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆ, ಜೊತೆಗೆ ಲಿಖಿತ ಎಚ್ಚರಿಕೆ ಎಂದು ತೀರ್ಮಾನವಾಯಿತು.

ಎಚ್ಚರಿಕೆ ಪತ್ರ ಟೈಪು ಮಾಡಲು ಕಂಪನಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಡಂ ಕೈಬರಹದ ಕರಡು ತಂದು ಅವಳ ಮೇಜಿನ ಮೇಲಿಟ್ಟು, ಮುಜುಗರದಿಂದ ನಿಂತರು. ಮಿನಿಟ್ಸಮ್ಮ ಕಾಗದ ಏರಿಸಿ, ಮೂರು ಪ್ರತಿಗೆ ಕಾರ್ಬನ್ ಜೋಡಿಸಿ, ತನ್ನ ತಪ್ಪಿನ ವಿವರವನ್ನು ಸಾಲು ಬಿಟ್ಟು ಸಾಲು ಟೈಪು ಮಾಡಿದಳು. ಎರಡನೇ ಪ್ಯಾರಾದಲ್ಲಿ ಕೈ ನಿಲ್ಲಿಸಿದಳು.

"ಮೇಡಂ, 'ಬೇಜವಬ್ದಾರಿ' ಅಂತ ಬರ್ದಿದೀರ. 'ಬೇಜವಾಬ್ದಾರಿ' ಆಗ್ಬೇಕು. ವಾ ದೀರ್ಘ."

"ಹೌದಾ? ಸರಿ ಮಾಡಿಬಿಡಿ."

ಸರಿ ಮಾಡಿ, ಒಂದು ಪ್ರತಿ ಫೈಲಿಗೆ, ಒಂದು ಅಧ್ಯಕ್ಷರಿಗೆ ಎಂದು ತೆಗೆದಿಟ್ಟಳು. ಮೂರನೆಯದನ್ನು ತಾನೇ ತನಗೆ ಕೊಟ್ಟುಕೊಂಡು, ತಲುಪಿದೆ ಎಂದು ಸಹಿ ಹಾಕಿದಳು. ಸಂಜೆ ಗೇಟಿನ ಬಳಿ ಗಂಡ ಕಾಯುತ್ತಿದ್ದ, ತಲೆಯಿಂದ ಕಾಲಿನವರೆಗೆ ಕಪ್ಪು ಧೂಳು. ಪತ್ರ ತೋರಿಸಿದಳು. ಅವನು ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು, ಕೊನೆಯವರೆಗೂ ಓದಿದ.

"ಚೆನ್ನಾಗಿ ಬರ್ದಿದಾರೆ," ಎಂದ.

"ನಾನೇ ಟೈಪು ಮಾಡಿದ್ದು," ಎಂದಳು ಅವಳು. ಇಬ್ಬರೂ ನಗುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದರು.